ಕತ್ತರಿ ಹಿಡಿದ ರೇಖಾಗಣಿತ

ಫ್ಯಾಷನ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ತಲೆಮಾರಿನವರ ಹುಬ್ಬು ತಾನಾಗಿ ಗಂಟಿಕ್ಕುತ್ತದೆ. ಅದು ಹಣವಂತರ ಚಪಲ, ಹರೆಯದವರ ಹುಚ್ಚು, ಇಂದು ಬಂದು ನಾಳೆ ಹೋಗುವ ಗಾಳಿ ಎಂದು ತೀರ್ಮಾನಿಸಿ ಬೇರೆ ಮಾತಿಗೆ ಹೊರಳುತ್ತೇವೆ. ಆ ತೀರ್ಮಾನದಲ್ಲಿ ನಿಜಾಂಶವೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಉಡುಪಿನ ಹಿಂದೆ ಒಂದು ವಿದ್ಯೆಯಿದೆ, ಆ ವಿದ್ಯೆಯನ್ನು ಬಲ್ಲ ಕೈಗಳಿವೆ, ಆ ಕೈಗಳಿಗೆ ಸಲ್ಲಬೇಕಾದ ಗೌರವವೊಂದಿದೆ. ಈ ಮೂರನ್ನೂ ಏಕಕಾಲಕ್ಕೆ ಅರಿತಿದ್ದ ಒಬ್ಬ ಮಹಿಳೆಯ ಬಗ್ಗೆ ಇಂದು ಬರೆಯಬೇಕೆನ್ನಿಸಿದೆ. ಆಕೆಯ ಹೆಸರು ಮಾದ್ಲೆನ್ ವಿಯೊನೆ. ಫ್ರಾನ್ಸ್ ದೇಶದವರು. 1876ರಿಂದ 1975ರವರೆಗೆ, ಸುಮಾರು ಒಂದು ಶತಮಾನ ಕಾಲ ಬಾಳಿದವರು.

ಷನೆಲ್ ಎಂಬ ಹೆಸರನ್ನು ಕೇಳದವರು ವಿರಳ. ವಿಯೊನೆ ಎಂಬ ಹೆಸರನ್ನು ಕೇಳಿದವರು ವಿರಳ. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಒಂದೇ ವೃತ್ತಿಯಲ್ಲಿದ್ದವರು. ನನ್ನ ಅಭಿಪ್ರಾಯದಲ್ಲಿ, ಹೊಲಿಗೆಯನ್ನು ಒಂದು ಶಾಸ್ತ್ರವಾಗಿಯೂ ಹೊಲಿಯುವವರನ್ನು ಮನುಷ್ಯರಾಗಿಯೂ ಕಂಡವರೆಂಬ ಕಾರಣಕ್ಕೆ ವಿಯೊನೆ ಅವರಿಗೆ ಸಲ್ಲಬೇಕಾದ ಸ್ಥಾನ ಹಿರಿದು. ಅದೇಕೆಂಬುದನ್ನು ನಿಧಾನವಾಗಿ ವಿವರಿಸುತ್ತೇನೆ.

ವಿಯೊನೆ ಹುಟ್ಟಿದ್ದು ಫ್ರಾನ್ಸಿನ ಲುವಾರೆ ಪ್ರಾಂತದ ಷಿಯೆರ್-ಓ-ಬುವಾ ಎಂಬ ಹಳ್ಳಿಯಲ್ಲಿ, ಬಡ ಕುಟುಂಬದಲ್ಲಿ. ತಂದೆತಾಯಿಗಳು ಬೇರೆಯಾದ ಮೇಲೆ ತಂದೆಯ ಆಸರೆಯಲ್ಲಿ ಪ್ಯಾರಿಸ್ಸಿನ ಅಂಚಿನ ಓಬರ್ವಿಲಿಯೆ ಎಂಬಲ್ಲಿ ಬೆಳೆದರು. ಓದಿನಲ್ಲಿ ಮುಂದಿದ್ದ ಹುಡುಗಿ. ಆದರೂ 11-12ರ ವಯಸ್ಸಿಗೇ ಶಾಲೆ ಬಿಡಿಸಿ ಹೊಲಿಗೆಯವರ ಬಳಿ ಕೆಲಸ ಕಲಿಯಲು ಸೇರಿಸಿದರು. ಬಡವರ ಮನೆಯ ಜಾಣ ಹೆಣ್ಣುಮಕ್ಕಳಿಗೆ ಆ ಕಾಲದ ಯೂರೋಪಿನಲ್ಲಿ ಇದಕ್ಕಿಂತ ಬೇರೆ ದಾರಿ ಇರಲಿಲ್ಲ. ಹದಿಹರೆಯ ಮುಗಿಯುವ ಮೊದಲೇ ಮದುವೆಯಾಯಿತು, ಒಂದು ಹೆಣ್ಣುಮಗು ಹುಟ್ಟಿ ತೀರಿಕೊಂಡಿತು, ಮದುವೆಯೂ ಮುರಿಯಿತು. ಇಷ್ಟೆಲ್ಲ ಆಗುವಾಗ ಅವರಿಗೆ ಇನ್ನೂ 20ರ ಆಸುಪಾಸು.

ಅಲ್ಲಿಂದ ಲಂಡನ್ನಿಗೆ ಹೋದರು. ಅಲ್ಲಿ ಕೇಟ್ ರೈಲಿ ಎಂಬವರ ಹೊಲಿಗೆಮನೆಯಲ್ಲಿ ದುಡಿದರು. ಪ್ಯಾರಿಸ್ಸಿನ ಮಾದರಿಗಳನ್ನು ಇಂಗ್ಲಿಷ್ ಗಿರಾಕಿಗಳಿಗೆ ಹೊಲಿದುಕೊಡುವುದು ಅಲ್ಲಿನ ವ್ಯವಹಾರ. ಮುಂದೆ ನಕಲು ಮಾಡುವವರ ವಿರುದ್ಧ ಸಮರ ಸಾರಿದ ಈಕೆ, ನಕಲು ಹೇಗೆ ನಡೆಯುತ್ತದೆಂಬುದನ್ನು ಒಳಗಿನಿಂದಲೇ ಕಂಡಿದ್ದರೆಂಬುದು ಗಮನಿಸತಕ್ಕ ಸಂಗತಿ.

ಇಲ್ಲಿ ಸ್ವಲ್ಪ ಹಿನ್ನೆಲೆ ಅಗತ್ಯ. ಪ್ಯಾರಿಸ್ಸಿನಲ್ಲಿ ಉನ್ನತ ದರ್ಜೆಯ ಉಡುಪಿನ ಉದ್ಯಮವನ್ನು ಕಟ್ಟಿದವರು ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷಿನವರು. 1858ರಲ್ಲಿ ಅವರು ಅಂಗಡಿ ತೆರೆದ ಮೇಲೆ, ಗಿರಾಕಿ ಹೇಳಿದ್ದನ್ನು ಹೊಲಿದುಕೊಡುತ್ತಿದ್ದ ದರ್ಜಿ ತಾನೇ ಮಾದರಿಗಳನ್ನು ಕಲ್ಪಿಸಿ ತೋರಿಸುವ ಕಲಾವಿದನಾದ. ಆದರೆ ಆ ಉಡುಪುಗಳ ಒಳಗಿದ್ದ ಹೆಂಗಸಿನ ಪಾಡು ಬದಲಾಗಲಿಲ್ಲ. ಕಾರ್ಸೆಟ್ ಎಂಬ ಬಿಗಿಕವಚದೊಳಗೆ ಸೊಂಟವನ್ನು ಅದುಮಿ, ಅದರ ಮೇಲೆ ಪದರ ಪದರವಾಗಿ ಬಟ್ಟೆ ಹೇರುವುದೇ ಸೌಂದರ್ಯವೆಂದು ಎಣಿಸಲಾಗುತ್ತಿತ್ತು. ಮೈ ಬಟ್ಟೆಗೆ ಹೊಂದಿಕೊಳ್ಳಬೇಕಿತ್ತು.

1900ರ ಹೊತ್ತಿಗೆ ಪ್ಯಾರಿಸ್ಸಿಗೆ ಮರಳಿದ ವಿಯೊನೆ ಕಾಲೊ ಸೋದರಿಯರ ಪ್ರಸಿದ್ಧ ಹೊಲಿಗೆಮನೆಯನ್ನು ಸೇರಿದರು. ಆ ಸೋದರಿಯರಲ್ಲಿ ಹಿರಿಯರಾದ ಮರಿ ಕಾಲೊ ಜರ್ಬೆರ್ ಅವರ ಕೈಕೆಳಗೆ, ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಗ್ಗದ ಹತ್ತಿಬಟ್ಟೆಯಲ್ಲಿ ಮಾದರಿ ಹೊಲಿದು ನೋಡುವ ಕೆಲಸ ಅವರದಾಗಿತ್ತು. ತಮಗೆ ನಿಜವಾದ ವಿದ್ಯೆ ದಕ್ಕಿದ್ದು ಅಲ್ಲಿಯೇ ಎಂದು ಕೊನೆಯವರೆಗೂ ಕೃತಜ್ಞತೆಯಿಂದ ನೆನೆದರು. ಗುರುವನ್ನು ಹೀಗೆ ನೆನೆಯುವವರ ಬಗ್ಗೆ ನನಗೆ, ಸಹಜವಾಗಿಯೇ, ಪಕ್ಷಪಾತವಿದೆ.

ಅನಂತರ ಝಾಕ್ ದೂಸೆ ಎಂಬವರ ಮನೆಗೆ ಹೋದರು. 1907ರಲ್ಲಿ ಅಲ್ಲಿ ತಮ್ಮ ಉಡುಪುಗಳನ್ನು ಪ್ರದರ್ಶಿಸಿದಾಗ ರೂಪದರ್ಶಿಯರಿಗೆ ಕಾರ್ಸೆಟ್ ಇರಲಿಲ್ಲ, ಕಾಲಿಗೆ ಜೋಡೂ ಇರಲಿಲ್ಲ. ಅಲ್ಲಿದ್ದ ಮಾರಾಟದ ಹೆಂಗಸರಿಗೇ ಇದು ರುಚಿಸಲಿಲ್ಲ. ಹೆಣ್ಣಿನ ಮೈಯನ್ನು ಬಿಗಿಕವಚದಿಂದ ಬಿಡಿಸಿದ ಕೀರ್ತಿಗೆ ಪಾಲ್ ಪುವಾರೆ ಮೊದಲಾದವರ ಹೆಸರುಗಳನ್ನೂ ಹೇಳುವುದುಂಟು. ಯಾರು ಮೊದಲು ಎಂಬ ಜಗಳ ನನಗೆ ಮುಖ್ಯವಲ್ಲ. ಕವಚವನ್ನು ತೆಗೆದ ಮೇಲೆ ಬಟ್ಟೆ ಮೈಮೇಲೆ ಹೇಗೆ ನಿಲ್ಲಬೇಕು ಎಂಬ ಮುಂದಿನ ಪ್ರಶ್ನೆಗೆ ಪೂರ್ಣ ಉತ್ತರ ಹುಡುಕಿದವರು ವಿಯೊನೆ. 1912ರಲ್ಲಿ ರಿವೊಲಿ ಬೀದಿಯ 222ನೇ ಸಂಖ್ಯೆಯಲ್ಲಿ ಸ್ವಂತ ಹೊಲಿಗೆಮನೆ ತೆರೆದರು. 1914ರ ಮಹಾಯುದ್ಧ ಅದನ್ನು ಮುಚ್ಚಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ತೆರೆದು, 1920ರ ದಶಕದ ಆರಂಭದಲ್ಲಿ ಮೊಂತೇನ್ ಅವೆನ್ಯೂವಿನ 50ನೇ ಸಂಖ್ಯೆಯ ದೊಡ್ಡ ಕಟ್ಟಡಕ್ಕೆ ಹೋದರು. ಆ ಉತ್ತರ ರೂಪುಗೊಂಡದ್ದು ಈ ವರ್ಷಗಳಲ್ಲಿ.

ಆ ಉತ್ತರವನ್ನು ತಿಳಿಯಲು ಓದುಗರು ಒಂದು ಚೌಕದ ಕರವಸ್ತ್ರವನ್ನು ಕೈಗೆ ತೆಗೆದುಕೊಳ್ಳಬೇಕು. ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಹಾಸಿನ ಎಳೆಗಳು, ಅಡ್ಡಕ್ಕೆ ಹೊಕ್ಕಿನ ಎಳೆಗಳು. ಹಾಸಿನ ಉದ್ದಕ್ಕೆ ಎಳೆಯಿರಿ, ಬಟ್ಟೆ ಜಗ್ಗುವುದಿಲ್ಲ. ಹೊಕ್ಕಿನ ಉದ್ದಕ್ಕೆ ಎಳೆದರೂ ಅಷ್ಟೆ. ಈಗ ಎದುರುಬದುರಾದ ಎರಡು ಮೂಲೆಗಳನ್ನು ಹಿಡಿದು ಎಳೆಯಿರಿ. ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ, ಜೊತೆಗೆ ನಡುವಿನಲ್ಲಿ ಕಿರಿದಾಗುತ್ತದೆ. ಎಳೆಗಳು ಉದ್ದವಾಗಿಲ್ಲ. ಹಾಸು ಮತ್ತು ಹೊಕ್ಕು ಸಂಧಿಸುವಲ್ಲಿ ಕೋನ ಮಾತ್ರ ಬದಲಾಗಿದೆ. ಚೌಕಗಳೆಲ್ಲ ವಜ್ರಾಕೃತಿಗಳಾಗಿವೆ.

ಗಣಿತದ ಮೇಷ್ಟರಾದುದರಿಂದ ಇಲ್ಲಿಗೆ ಬಿಡಲಾರೆ. ವಜ್ರಾಕೃತಿಯ ಕರ್ಣಗಳು ಲಂಬವಾಗಿ ಪರಸ್ಪರ ಅರ್ಧಿಸುತ್ತವೆ. ಆದುದರಿಂದ ಪೈಥಾಗೊರಸ್ ಪ್ರಮೇಯದ ಪ್ರಕಾರ ಎರಡು ಕರ್ಣಗಳ ವರ್ಗಗಳ ಮೊತ್ತ ಯಾವಾಗಲೂ ಬಾಹುವಿನ ವರ್ಗದ ನಾಲ್ಕರಷ್ಟು. ಬಾಹು 10 ಅಂಗುಲದ ಚೌಕವಾದರೆ ಎರಡೂ ಕರ್ಣಗಳು ಸುಮಾರು 14.1 ಅಂಗುಲ. ಒಂದು ಕರ್ಣವನ್ನು 16 ಅಂಗುಲಕ್ಕೆ ಎಳೆದರೆ ಇನ್ನೊಂದು 12 ಅಂಗುಲಕ್ಕೆ ಇಳಿಯಲೇಬೇಕು. ಏಕೆಂದರೆ 16ರ ವರ್ಗ 256, 12ರ ವರ್ಗ 144, ಒಟ್ಟು 400. ಬಟ್ಟೆಯನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಿ ಉಡುಪು ಮಾಡಿದರೆ, ಬಟ್ಟೆಯ ಸ್ವಂತ ತೂಕವೇ ಅದನ್ನು ಕೆಳಕ್ಕೆ ಎಳೆಯುತ್ತದೆ. ಕೆಳಕ್ಕೆ ಎಳೆದಷ್ಟೂ ಅದು ಅಡ್ಡಕ್ಕೆ ಕಿರಿದಾಗಿ ಮೈಯನ್ನು ಮೃದುವಾಗಿ ಹಿಡಿಯುತ್ತದೆ. ಕೊಕ್ಕೆ ಬೇಡ, ಗುಂಡಿ ಬೇಡ, ಮೂಳೆಪಟ್ಟಿಯ ಕವಚ ಬೇಡ. ತಲೆಯ ಮೇಲಿಂದ ತೊಟ್ಟುಕೊಂಡರೆ ಮೈಯ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ, ನಡೆದರೆ ಜೊತೆಗೆ ನಡೆಯುತ್ತದೆ.

ಓರೆ ಕತ್ತರಿಕೆಯನ್ನು ವಿಯೊನೆ ಕಂಡುಹಿಡಿದರೆಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಕಾಲರು, ಅಂಚುಪಟ್ಟಿ ಮುಂತಾದ ಸಣ್ಣ ಭಾಗಗಳಿಗೆ ಅದು ಮೊದಲಿನಿಂದಲೂ ಬಳಕೆಯಲ್ಲಿತ್ತು. ಇಡೀ ಉಡುಪನ್ನೇ ಓರೆಯಲ್ಲಿ ಕಟ್ಟಬಹುದೆಂದು ಯೋಚಿಸಿ ಅದನ್ನೊಂದು ಕ್ರಮಬದ್ಧ ವಿದ್ಯೆಯನ್ನಾಗಿ ಮಾಡಿದ್ದು ಅವರ ಹಿರಿಮೆ. ಅದು ಸುಲಭದ ಕೆಲಸವಲ್ಲ. ಓರೆಯಲ್ಲಿ ಕತ್ತರಿಸಿದರೆ ಮೂಲೆಗಳಲ್ಲಿ ಬಟ್ಟೆ ವ್ಯರ್ಥವಾಗುತ್ತದೆ. ಹೊಲಿಗೆ ಸ್ವಲ್ಪ ಬಿಗಿಯಾದರೂ ಸುಕ್ಕುಗಟ್ಟುತ್ತದೆ. ಅದಕ್ಕಾಗಿ ಬಿಯಾಂಕಿನಿ-ಫೆರಿಯೆ ಎಂಬ ರೇಷ್ಮೆ ಸಂಸ್ಥೆಯಿಂದ ವಾಡಿಕೆಗಿಂತ ಹೆಚ್ಚು ಅಗಲದ ಬಟ್ಟೆಯನ್ನು ನೇಯಿಸಿಕೊಂಡರು. ಹೆಚ್ಚಾಗಿ ಕ್ರೇಪ್ ಬಳಸಿದರು. ಮೈಸೂರು ರೇಷ್ಮೆ ಸೀರೆಯನ್ನು ಕೈಯಲ್ಲಿ ಹಿಡಿದವರಿಗೆ ಕ್ರೇಪ್ ಬಟ್ಟೆಯ ಗುಣವನ್ನು ಬೇರೆ ಹೇಳಬೇಕಿಲ್ಲ. ಹೆಚ್ಚು ಹುರಿಗೊಳಿಸಿದ ನೂಲಿನ ಆ ಬಟ್ಟೆ ಹಗುರವಾಗಿದ್ದರೂ ತೂಕದಿಂದ ಇಳಿಬೀಳುತ್ತದೆ. ನಮ್ಮ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದೂ ಅದೇ 1912ರಲ್ಲಿ ಎಂಬುದು ಕೇವಲ ಕಾಕತಾಳೀಯ, ಆದರೂ ನೆನಪಿಡಲು ಅನುಕೂಲ.

ವಿಯೊನೆ ಕಾಗದದ ಮೇಲೆ ಚಿತ್ರ ಬರೆದು ವಿನ್ಯಾಸ ಮಾಡುತ್ತಿರಲಿಲ್ಲ. ಮರದ ಒಂದು ಪುಟ್ಟ ಬೊಂಬೆಯ ಮೇಲೆ ಬಟ್ಟೆಯನ್ನು ಹೊದಿಸಿ, ಪಿನ್ನು ಚುಚ್ಚಿ, ತಿರುಗಿಸಿ ನೋಡಿ ತೀರ್ಮಾನಿಸುತ್ತಿದ್ದರು. ಅವರ ಚಿಂತನೆ ಮೂರು ಆಯಾಮಗಳಲ್ಲೇ ನಡೆಯುತ್ತಿತ್ತು. ಚೌಕ, ವೃತ್ತ, ತ್ರಿಭುಜಗಳೇ ಅವರ ಮೂಲಾಕ್ಷರಗಳು. 1918-19ರ ಸುಮಾರಿನ ಅವರ ಒಂದು ಉಡುಪು ಕೇವಲ ನಾಲ್ಕು ಚೌಕಗಳಿಂದಾದದ್ದು. ಚೌಕಗಳನ್ನು ಮೂಲೆಯಿಂದ ತೂಗಿಬಿಟ್ಟಿದ್ದರಿಂದ ಬಟ್ಟೆ ತಾನಾಗಿ ಓರೆಗೆ ಬಿತ್ತು. ಪುರಾತನ ಗ್ರೀಕರ ಇಳಿಬಿಟ್ಟ ವಸ್ತ್ರಗಳೂ ಜಪಾನಿನ ಕಿಮೋನೊಗಳೂ ಅವರಿಗೆ ಪಾಠ ಹೇಳಿದವು. ಸೀರೆ ಉಡುವ ನಾಡಿನವರಾದ ನಮಗೆ ಈ ಚಿಂತನೆ ಪರಕೀಯವಾಗಿ ತೋರಬಾರದು. ಕತ್ತರಿಯಿಲ್ಲದೆ ಒಂದು ಆಯತವನ್ನು ಮೈಗೆ ಹೊಂದಿಸುವ ಜಾಣ್ಮೆ ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುತ್ತದೆ. ಬಲಸೊಂಟದಿಂದ ಎಡಹೆಗಲಿಗೆ ಏರುವ ಸೆರಗು ಅಷ್ಟು ನಯವಾಗಿ ಮೈಗೂಡುವುದು ಅಲ್ಲಿ ಎಳೆಗಳು ಓರೆಯಾಗಿರುವುದರಿಂದಲೇ. ನಮ್ಮೂರ ದರ್ಜಿಗಳು ಹೊಲಿಯುವ ಕ್ರಾಸ್ ಕಟ್ ರವಿಕೆಯಲ್ಲಿಯೂ ಇರುವುದು ಇದೇ ತತ್ತ್ವ. ಆ ದರ್ಜಿಗೆ ವಿಯೊನೆ ಗೊತ್ತಿಲ್ಲದಿರಬಹುದು, 45 ಡಿಗ್ರಿ ಗೊತ್ತು.

ಇಷ್ಟು ವಿದ್ಯೆಯ ಮಾತು. ಇನ್ನು ಆ ವಿದ್ಯೆಯನ್ನು ಹೊತ್ತ ಕೈಗಳ ಮಾತು.

ಮೊಂತೇನ್ ಅವೆನ್ಯೂವಿನ ಮನೆಯಲ್ಲಿ ಉಚ್ಛ್ರಾಯ ಕಾಲದಲ್ಲಿ ಸುಮಾರು 1200 ಮಂದಿ ದುಡಿಯುತ್ತಿದ್ದರು. ಬಹುಪಾಲು ಹೆಂಗಸರು. ಆ ಕಾಲದ ಹೊಲಿಗೆಮನೆಗಳಲ್ಲಿ ಬೆನ್ನಾಸರೆಯಿಲ್ಲದ ಮಣೆಗಳ ಮೇಲೆ ದಿನವಿಡೀ ಬಾಗಿ ಕೂರುವುದು ರೂಢಿ. ವಿಯೊನೆ ತಮ್ಮ ಕೆಲಸಗಾರ್ತಿಯರಿಗೆ ಬೆನ್ನಿರುವ ಕುರ್ಚಿ ಕೊಟ್ಟರು. ಊಟದ ಮನೆ, ವೈದ್ಯರು, ದಂತವೈದ್ಯರು, ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ, ಹೆರಿಗೆ ರಜೆ, ಸಂಬಳ ಸಹಿತ ರಜೆ, ಇವೆಲ್ಲ ಅಲ್ಲಿದ್ದವು. ಫ್ರಾನ್ಸಿನಲ್ಲಿ ಎರಡು ವಾರಗಳ ವೇತನಸಹಿತ ರಜೆ ಕಾನೂನಾದದ್ದು 1936ರಲ್ಲಿ, ಅದೂ ದೇಶವ್ಯಾಪಿ ಮುಷ್ಕರಗಳ ನಂತರ. ಕಾನೂನು ಹೇಳುವ ಮೊದಲೇ ಇವರು ಕೊಟ್ಟರು. 11ರ ವಯಸ್ಸಿಗೆ ಸೂಜಿ ಹಿಡಿದವರಿಗೆ ಬೆನ್ನು ನೋವು ಏನೆಂದು ಯಾವ ವರದಿಯೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಹೋರಾಟ ನಕಲಿನ ವಿರುದ್ಧ. ಪ್ಯಾರಿಸ್ಸಿನ ಹೊಸ ಮಾದರಿಯೊಂದು ಹೊರಬಿದ್ದ ಕೆಲವೇ ದಿನಗಳಲ್ಲಿ ಕದ್ದ ಪ್ರತಿಗಳು ಮಾರುಕಟ್ಟೆಗೆ ಬರುತ್ತಿದ್ದವು. ವಿಯೊನೆ ತಮ್ಮ ಪ್ರತಿ ಉಡುಪನ್ನೂ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಛಾಯಾಚಿತ್ರ ತೆಗೆಸಿ ಸಂಖ್ಯೆ ಹಾಕಿ ಸಂಪುಟಗಳಲ್ಲಿ ದಾಖಲಿಸಿದರು. ಉಡುಪಿನ ಪಟ್ಟಿಯ ಮೇಲೆ ತಮ್ಮ ಸಹಿಯ ಜೊತೆಗೆ ಹೆಬ್ಬೆಟ್ಟಿನ ಗುರುತನ್ನೂ ಒತ್ತಿದರು. ನಕಲುಗಾರರನ್ನು ನ್ಯಾಯಾಲಯಕ್ಕೆಳೆದು ಗೆದ್ದರು. ಉಡುಪಿನ ವಿನ್ಯಾಸವೂ ಚಿತ್ರ, ಶಿಲ್ಪಗಳಂತೆ ಬುದ್ಧಿಯ ಸೃಷ್ಟಿ ಎಂಬುದು ಅವರ ವಾದವಾಗಿತ್ತು. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಅನಕ್ಷರತೆಯ, ಅವಮಾನದ ಗುರುತು. ಶಾಲೆಯಿಂದ ಬಿಡಿಸಲ್ಪಟ್ಟ ಒಬ್ಬ ಹೆಣ್ಣುಮಗಳು ಅದನ್ನೇ ಕರ್ತೃತ್ವದ ಮುದ್ರೆಯಾಗಿ ಮಾಡಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ವಿಷಯ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ನ್ಯಾಯವಾದವೇ.

ಮೊದಲನೆಯದು, ಇವೆಲ್ಲ ಸಿರಿವಂತರಿಗಾಗಿ ಹೊಲಿದ ಉಡುಪುಗಳಲ್ಲವೇ, ಸಾಮಾನ್ಯರಿಗೇನು ಬಂತು ಎಂಬುದು. ಹೌದು, ಗಿರಾಕಿಗಳು ಸಿರಿವಂತರೇ. ಆದರೆ ವಿದ್ಯೆಯ ಬೆಲೆಯನ್ನು ಅದನ್ನು ಮೊದಲು ಕೊಂಡವರ ಅಂತಸ್ತಿನಿಂದ ಅಳೆಯುವುದು ತರವಲ್ಲ. ಬೇಲೂರಿನ ಶಿಲ್ಪಕ್ಕೂ ಹಣ ಬಂದದ್ದು ಅರಸರ ಬೊಕ್ಕಸದಿಂದ. ಓರೆ ಕತ್ತರಿಕೆ ಕೆಲವೇ ವರ್ಷಗಳಲ್ಲಿ ಸಿದ್ಧ ಉಡುಪಿಗೆ ಇಳಿಯಿತು. 1930ರ ದಶಕದ ಸಂಜೆಯುಡುಪುಗಳ ರೂಪವನ್ನೇ ಅದು ನಿರ್ಧರಿಸಿತು. ಇಂದು ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ನಿಲುವಂಗಿಯಲ್ಲಿಯೂ ಅದರ ಛಾಯೆ ಇದೆ.

ಎರಡನೆಯದು, ನಕಲನ್ನು ತಡೆದರೆ ಬಡವರಿಗೆ ಒಳ್ಳೆಯ ಬಟ್ಟೆ ಸಿಗುವುದು ಹೇಗೆ ಎಂಬುದು. ಷನೆಲ್ ನಕಲನ್ನು ತಮ್ಮ ಯಶಸ್ಸಿನ ಗುರುತೆಂದು ಹಗುರವಾಗಿ ತೆಗೆದುಕೊಂಡವರು. ಇಲ್ಲಿ ನಾನು ಒಂದು ಭೇದವನ್ನು ಮಾಡಬಯಸುತ್ತೇನೆ. ನೋಡಿ ಕಲಿಯುವುದು ಬೇರೆ, ಕದ್ದು ಮಾರುವುದು ಬೇರೆ. ವಿದ್ಯಾರ್ಥಿ ಪಕ್ಕದವನ ಲೆಕ್ಕದ ಕ್ರಮವನ್ನು ತಿಳಿದು ಮಾಡಿದರೆ ಅದು ಕಲಿಕೆ, ಉತ್ತರವನ್ನಷ್ಟೇ ಎತ್ತಿ ಬರೆದರೆ ಅದು ಕಾಪಿ. ವಿಯೊನೆ ವಿರೋಧಿಸಿದ್ದು ಎರಡನೆಯದನ್ನು. ಅದಕ್ಕೆ ಅವರ ಬದುಕೇ ಸಾಕ್ಷಿ. 1939ರಲ್ಲಿ, ಎರಡನೇ ಮಹಾಯುದ್ಧ ಬಾಗಿಲಿಗೆ ಬಂದಾಗ, 63ರ ವಯಸ್ಸಿನಲ್ಲಿ ಹೊಲಿಗೆಮನೆಯನ್ನು ಮುಚ್ಚಿದರು. ಮತ್ತೆ ತೆರೆಯಲಿಲ್ಲ. 1952ರಲ್ಲಿ ತಮ್ಮ ಬಳಿಯಿದ್ದ 120ಕ್ಕೂ ಹೆಚ್ಚು ಉಡುಪುಗಳನ್ನು, ಛಾಯಾಚಿತ್ರಗಳ ಸಂಪುಟಗಳನ್ನು, ಮಾದರಿಗಳನ್ನು ಉಡುಪಿನ ಕಲೆಯ ಸಂರಕ್ಷಣೆಗೆಂದೇ ಇದ್ದ ಒಂದು ಸಂಘಕ್ಕೆ ದಾನ ಮಾಡಿದರು. ಕಳ್ಳರಿಗೆ ಬೀಗ ಹಾಕಿದವರು ಕಲಿಯುವವರಿಗೆ ಇಡೀ ಭಂಡಾರವನ್ನೇ ತೆರೆದಿಟ್ಟರು. ಆ ಸಂಗ್ರಹದ ಆಧಾರದ ಮೇಲೆ 2009ರಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು.

ಪ್ರಭಾವದ ವಿಚಾರ ಹೇಳುವುದಾದರೆ, ಜಪಾನಿನ ಇಸ್ಸೆ ಮಿಯಾಕೆ, ಟುನೀಷಿಯಾ ಮೂಲದ ಅಝೆದಿನ್ ಅಲಾಯಾ ಅವರಂಥ ಕತ್ತರಿಯ ನಿಷ್ಣಾತರು ವಿಯೊನೆ ಅವರನ್ನು ಗುರುಸ್ಥಾನದಲ್ಲಿ ಇರಿಸಿದರು. 1990ರ ದಶಕದಲ್ಲಿ ಜಾನ್ ಗಲಿಯಾನೊ ಓರೆ ಕತ್ತರಿಕೆಯನ್ನು ಮತ್ತೆ ಚಾಲ್ತಿಗೆ ತಂದರು. ಬೆಟ್ಟಿ ಕರ್ಕ್ ಎಂಬ ಅಮೆರಿಕದ ವಿದ್ವಾಂಸೆ ಆ ಹಳೆಯ ಉಡುಪುಗಳನ್ನು ಒಂದೊಂದಾಗಿ ಅಳೆದು ಅವುಗಳ ಕತ್ತರಿಕೆಯ ನಕ್ಷೆಗಳನ್ನು ಪುಸ್ತಕವಾಗಿ ಕೊಟ್ಟರು. ಅದರ ಇಂಗ್ಲಿಷ್ ಆವೃತ್ತಿ ಬಂದದ್ದು 1998ರಲ್ಲಿ. ಜನಸಾಮಾನ್ಯರ ಬಾಯಲ್ಲಿ ಮಾತ್ರ ವಿಯೊನೆ ಹೆಸರಿಲ್ಲ. ಷನೆಲ್ ಅವರ ಹೆಸರನ್ನು 1921ರ ಒಂದು ಸುಗಂಧದ ಸೀಸೆ ಮನೆಮನೆಗೆ ಒಯ್ದಿತು. 1954ರಲ್ಲಿ ಅವರು ಮತ್ತೆ ಅಂಗಡಿ ತೆರೆದು ಕೊನೆಯವರೆಗೂ ಕಣ್ಣಮುಂದಿದ್ದರು. ವಿಯೊನೆ ಜಾಹೀರಾತಿನಿಂದಲೂ ಸಮಾರಂಭಗಳಿಂದಲೂ ದೂರವಿದ್ದರು. ಮಾರುವ ವಸ್ತುವಿನ ಜೊತೆಗೆ ಹೆಸರು ಪ್ರಯಾಣ ಮಾಡುತ್ತದೆ. ವಿದ್ಯೆ ಹೆಸರನ್ನು ಬಿಟ್ಟೂ ಪ್ರಯಾಣ ಮಾಡಬಲ್ಲದು.

ದೂರದ ಪ್ಯಾರಿಸ್ಸಿನ ಈ ಕಥೆ ನಮಗೇಕೆ ಎಂದು ಕೇಳಬಹುದು. ನನಗೆ ಕಾಣುವ ಕಾರಣ ಎರಡು.

ಒಂದು, ಹೊಲಿಯುವವರ ಪಾಡು. ಭಾರತದ ಸಿದ್ಧ ಉಡುಪಿನ ಒಂದು ದೊಡ್ಡ ಪಾಲು ಬೆಂಗಳೂರಿನ ಹೆಣ್ಣುಮಕ್ಕಳ ಕೈಯಲ್ಲಿ ಹೊಲಿಗೆಯಾಗುತ್ತದೆ. 1948ರ ಕಾರ್ಖಾನೆ ಕಾಯಿದೆಯು ದೊಡ್ಡ ಕಾರ್ಖಾನೆಗಳಿಗೆ ಶಿಶುವಿಹಾರ, ಭೋಜನಶಾಲೆಗಳನ್ನು ಕಡ್ಡಾಯಗೊಳಿಸಿತು. ಆದರೂ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಿದಾಗ, ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿಯುವವರೆಗೂ ಅವರ ದನಿ ಯಾರಿಗೂ ಕೇಳಿಸಲಿಲ್ಲ. ಅವರು ಇಳಿದ ಮೇಲೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಳ್ಳೆಯ ಕುರ್ಚಿ, ಮಗುವಿಗೊಂದು ಜಾಗ, ದುಡಿದ ಹಣದ ಮೇಲೆ ಹಕ್ಕು, ಇವು ಒಳ್ಳೆಯ ಹೊಲಿಗೆಗೆ ಅಡ್ಡಿಯಲ್ಲವೆಂದು ವಿಯೊನೆ ನೂರು ವರ್ಷಗಳ ಹಿಂದೆಯೇ ತೋರಿಸಿದರು. ಅತ್ಯುತ್ತಮ ಉಡುಪು ಹೊರಬಂದದ್ದು ಅಂಥ ಮನೆಯಿಂದಲೇ.

ಇನ್ನೊಂದು, ಶಾಲೆಯ ಮಾತು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಎಲ್ಲ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರು. ನಾವು ಮಾಡಿದ್ದೇನು? ಹೊಲಿಗೆಯನ್ನು ಹುಡುಗಿಯರಿಗೆ ಮೀಸಲಿಟ್ಟು, ವೇಳಾಪಟ್ಟಿಯ ಕೊನೆಯ ಪೀರಿಯಡ್ಡಿಗೆ ತಳ್ಳಿ, ಪರೀಕ್ಷೆ ಹತ್ತಿರವಾದರೆ ಅದನ್ನೂ ಗಣಿತಕ್ಕೆ ಕಿತ್ತುಕೊಂಡೆವು. ಆ ಗಣಿತದಲ್ಲಿ ವಜ್ರಾಕೃತಿಯ ಕರ್ಣಗಳ ಪ್ರಮೇಯವನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆವು. ಪಕ್ಕದ ಕೋಣೆಯಲ್ಲಿ ಅದೇ ಪ್ರಮೇಯ ಬಟ್ಟೆಯಾಗಿ ಕೈಗೆ ಸಿಗುವಂತಿತ್ತು. ಕೈಗೂ ತಲೆಗೂ ನಡುವೆ ಗೋಡೆ ಕಟ್ಟಿದ್ದರಿಂದ ಎರಡೂ ಕಡೆ ನಷ್ಟವಾಯಿತು. ಗಣಿತ ಒಣಗಿತು, ಹೊಲಿಗೆ ಕೀಳಾಯಿತು. ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು, ಒಂದು ತುಂಡು ಬಟ್ಟೆ, ಒಂದು ಕೋನಮಾಪಕ, ಒಂದು ಕತ್ತರಿ ಹಿಡಿದು ರೇಖಾಗಣಿತವನ್ನು ಕಲಿಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಹೆಚ್ಚಿನ ಅನುದಾನವೂ ಬೇಡ.

ಕೈಕೆಲಸಕ್ಕೆ ಘನತೆ ಕೊಡುವ ಪರಂಪರೆ ನಮಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹೊಲಿಗೆ ಅವರ ಕಾಯಕ. ಅದು ಅವರ ಹೆಸರಿನ ಮುಂಭಾಗದಲ್ಲೇ ನಿಂತಿತು, ಮರೆಮಾಚುವ ವಿಷಯವಾಗಲಿಲ್ಲ. ಆ ಹೆಸರನ್ನು ನೆನೆಯುವ ನಾಡಿನಲ್ಲಿ, ಮಗ ದರ್ಜಿಯಾಗುತ್ತೇನೆಂದರೆ, ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆಂದರೆ ದನಿ ತಗ್ಗಿಸಿ ಹೇಳುವ ಪರಿಸ್ಥಿತಿ ಏಕೆ ಬಂತೆಂದು ಯೋಚಿಸಬೇಕಾದವರು ನಾವು ಹಿರಿಯರು ಮತ್ತು ನಾವು ಮೇಷ್ಟರುಗಳು.

ಮುಂದಿನ ಬಾರಿ ರವಿಕೆ ಹೊಲಿಸಲು ಹೋದಾಗ ದರ್ಜಿ ಬಟ್ಟೆಯನ್ನು ಓರೆಗೆ ಮಡಚಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದನ್ನು ಒಂದು ಕ್ಷಣ ನಿಂತು ನೋಡಿರಿ. ಆ ಗೆರೆ ಒಂದು ಕರ್ಣ. ಅದನ್ನು ಎಳೆಯಬಲ್ಲವರು ಗಣಿತ ಬಲ್ಲವರು.